ಚಳಿಗಾಲದ ಯೊಸೆಮಿಟಿಗೆ ಕಾರಿನಲ್ಲಿ: ಚೈನ್ ಕೊಳ್ಳುವುದರಿಂದ ಕಣಿವೆ ಇಳಿಯುವವರೆಗೆ

ಡಿಸೆಂಬರಿನಿಂದ ಮಾರ್ಚ್‌ವರೆಗೆ ಕ್ಯಾಲಿಫೋರ್ನಿಯಾದ ಯೊಸೆಮಿಟಿ ನ್ಯಾಷನಲ್ ಪಾರ್ಕಿಗೆ ಕಾರು ತೆಗೆದುಕೊಂಡು ಹೊರಟವರಲ್ಲಿ ಬಹಳ ಮಂದಿ ಎಡವುವುದು ಒಂದೇ ಜಾಗದಲ್ಲಿ. ರೂಮ್ ಬುಕ್ ಆಗಿರುತ್ತದೆ, ದಪ್ಪ ಜಾಕೆಟ್ ಬಂದಿರುತ್ತದೆ, ಮಕ್ಕಳಿಗೆ ಸ್ಲೆಡ್ ಕೂಡ ಸಿಕ್ಕಿರುತ್ತದೆ. ಪಾರ್ಕಿನ ಗೇಟು ಇನ್ನೇನು ಬಂತು ಅನ್ನುವಾಗ ರಸ್ತೆ ಬದಿಯ ಫಲಕ ಚೈನ್ ಕೇಳುತ್ತದೆ, ಅಂದರೆ ಹಿಮದಲ್ಲಿ ಜಾರದಂತೆ ಟೈರಿನ ಸುತ್ತ ತೊಡಿಸುವ ಸರಪಳಿ. ಕೆಲವರ ಹತ್ತಿರ ಚೈನೇ ಇಲ್ಲ. ಕೆಲವರದ್ದು ಬೇರೆ ಅಳತೆಯದ್ದು. ಉಳಿದವರು ಕತ್ತಲಲ್ಲಿ, ಬೀಳುವ ಹಿಮದಲ್ಲಿ, ಸಿಗ್ನಲ್ ಇಲ್ಲದ ಕಡೆ ಆ ಪೆಟ್ಟಿಗೆಯನ್ನು ಮೊದಲ ಸಲ ತೆರೆಯುತ್ತಾರೆ.

ಈ ಪ್ರವಾಸದ ಕಷ್ಟದ ಕೆಲಸವೆಲ್ಲ ಮನೆ ಬಿಡುವ ಮೊದಲೇ ಮುಗಿಯಬೇಕು. ಹಂತಗಳ ಅನುಕ್ರಮವೂ ಮುಖ್ಯ. ರೂಮ್ ಮೊದಲು, ಚೈನ್ ಕೊನೆಗೆ ಎಂದು ಹೊರಟರೆ ಕೆಡುತ್ತದೆ. ಮೊದಲು ದಾರಿ, ಆಮೇಲೆ ಕಾರಿನ ನಿಯಮ, ಆಮೇಲೆ ಚೈನ್, ಅಭ್ಯಾಸ, ಹವಾಮಾನ. ಈ ಸಾಲಿನಲ್ಲೇ ಹೋಗೋಣ.

## ಹಂತ 1: ದಾರಿಯನ್ನು ನೀವೇ ಆರಿಸಿ, ಮ್ಯಾಪಿಗೆ ಬಿಡಬೇಡಿ

ಚಳಿಗಾಲದಲ್ಲಿ ಯೊಸೆಮಿಟಿ ಕಣಿವೆಗೆ ಮೂರು ದಾರಿ ಮಾತ್ರ ಲೆಕ್ಕ. ಮರ್ಸೆಡ್, ಮಾರಿಪೋಸಾ, ಎಲ್ ಪೋರ್ಟಲ್ ಮೂಲಕ ಬರುವ ಹೆದ್ದಾರಿ 140. ಓಕ್‌ಡೇಲ್, ಗ್ರೋವ್‌ಲ್ಯಾಂಡ್ ಮೂಲಕ ಬರುವ 120. ಫ್ರೆಸ್ನೋ, ಓಕ್‌ಹರ್ಸ್ಟ್ ಮೂಲಕ ಬರುವ 41. ಪೂರ್ವದಿಂದ ಬರುವ ಟಿಯೋಗಾ ಪಾಸ್ ಎಂಬ ಘಾಟಿರಸ್ತೆ ಸುಮಾರು 9,900 ಅಡಿ ಎತ್ತರದಲ್ಲಿದೆ. ಸಾಮಾನ್ಯವಾಗಿ ನವೆಂಬರಿನಲ್ಲಿ ಮುಚ್ಚಿದರೆ ಮೇ ಕೊನೆ ಅಥವಾ ಜೂನ್‌ವರೆಗೂ ತೆರೆಯುವುದಿಲ್ಲ. ಲಾಸ್ ವೇಗಸ್ ಅಥವಾ ಮ್ಯಾಮತ್ ಕಡೆಯಿಂದ ಬರುವವರು ಇಲ್ಲೇ ಮೋಸ ಹೋಗುವುದು. ನಕಾಶೆಯಲ್ಲಿ ಲೀ ವೈನಿಂಗ್ ಊರು ಪಾರ್ಕಿಗೆ ಅಂಟಿಕೊಂಡಂತೆ ಕಾಣುತ್ತದೆ. ಚಳಿಗಾಲದಲ್ಲಿ ಅಲ್ಲಿಂದ ಕಣಿವೆಗೆ ರಸ್ತೆಯೇ ಇಲ್ಲ. ಹತ್ತಿರದ ಸೊನೋರಾ ಪಾಸ್ ಕೂಡ ಆಗ ಮುಚ್ಚಿರುತ್ತದೆ. ದಕ್ಷಿಣದ ಬೇಕರ್ಸ್‌ಫೀಲ್ಡ್ ಅಥವಾ ಉತ್ತರದ ಟಾಹೋ ಕಡೆಯಿಂದ ಪೂರಾ ಸುತ್ತಿಕೊಂಡೇ ಬರಬೇಕು.

ಉಳಿದ ಮೂರರಲ್ಲಿ ನನ್ನ ಆಯ್ಕೆ ಯಾವಾಗಲೂ 140. ಕಾರಣ ಎತ್ತರ. ಕಣಿವೆಯ ನೆಲ ಸುಮಾರು 4,000 ಅಡಿಯಲ್ಲಿದೆ. 120ರ ರಸ್ತೆ ಕ್ರೇನ್ ಫ್ಲ್ಯಾಟ್ ಹತ್ತಿರ 6,000 ಅಡಿ ದಾಟಿ ಮತ್ತೆ ಕಣಿವೆಗೆ ಇಳಿಯುತ್ತದೆ. 41 ಕೂಡ ಚಿಂಕಾಪಿನ್ ಹತ್ತಿರ ಸುಮಾರು 6,000 ಅಡಿಗೆ ಏರಿ ಇಳಿಯುತ್ತದೆ. 140 ಮಾತ್ರ ಮರ್ಸೆಡ್ ನದಿಯ ಪಕ್ಕ ತಗ್ಗಿನಲ್ಲೇ ಬಂದು ಕೊನೆಯಲ್ಲಿ ಕಣಿವೆಗೆ ಹತ್ತುತ್ತದೆ. ಕಣಿವೆಯಲ್ಲಿ ಬರೀ ಮಳೆಯಿದ್ದ ದಿನವೂ 120 ಮತ್ತು 41ರಲ್ಲಿ ಚೈನ್ ಕೇಳಬಹುದು.

140ಕ್ಕೂ ಅದರದ್ದೇ ತೊಂದರೆಯಿದೆ. ಜೋರು ಮಳೆ ಬಂದರೆ ಗುಡ್ಡದ ಕಲ್ಲು ರಸ್ತೆಗೆ ಉರುಳುತ್ತದೆ. 2006ರ ಫರ್ಗ್ಯೂಸನ್ ಕಲ್ಲುಕುಸಿತ ಒಂದು ತುಂಡು ಹೆದ್ದಾರಿಯನ್ನೇ ಹೂತುಹಾಕಿತು, ಆಮೇಲೆ ಸಂಚಾರವನ್ನು ನದಿಯ ಆಚೆ ದಡಕ್ಕೆ ತಿರುಗಿಸಿದರು. ಆ ಭಾಗದಲ್ಲಿ ಕಾಮಗಾರಿಗಾಗಿ ರಸ್ತೆ ನಿಲ್ಲಿಸಿದ್ದಾರೆಯೇ ಎಂದು ಹಿಂದಿನ ದಿನ ನೋಡಿಕೊಳ್ಳಿ.

120ರಲ್ಲೇ ಬರುವುದಾದರೆ ಗ್ರೋವ್‌ಲ್ಯಾಂಡ್‌ಗಿಂತ ಮೊದಲು ಸಿಗುವ ಓಲ್ಡ್ ಪ್ರೀಸ್ಟ್ ಗ್ರೇಡ್ ಅನ್ನುವ ಅಡ್ಡದಾರಿಗೆ ಇಳಿಯಬೇಡಿ. ಮ್ಯಾಪ್ ಅದನ್ನು ಹತ್ತಿರದ ದಾರಿ ಎಂದು ತೋರಿಸಬಹುದು. ವಿಪರೀತ ಕಡಿದಾದ, ಇಕ್ಕಟ್ಟಾದ ಏರು ಅದು. ಹೊಸ ರಸ್ತೆಯಲ್ಲೇ ಸುತ್ತಿಕೊಂಡು ಹೋಗಿ.

ರೂಮ್ ವಿಷಯ ಈಗ ಬರಲಿ. ಎಲ್ ಪೋರ್ಟಲ್ ಅಥವಾ ಮಾರಿಪೋಸಾದಲ್ಲಿ ತಂಗಿದರೆ ರಾತ್ರಿ ಹಿಮ ಬಿದ್ದರೂ ಸಾಮಾನ್ಯವಾಗಿ ನೀವು ಹಿಮ ಬೀಳುವ ಎತ್ತರಕ್ಕಿಂತ ಕೆಳಗಿರುತ್ತೀರಿ. ಬೆಳಗ್ಗೆ ರಸ್ತೆ ನೋಡಿ ಮೇಲೆ ಹೋಗುವುದೋ ಬೇಡವೋ ತೀರ್ಮಾನಿಸಬಹುದು. ಕಣಿವೆಯೊಳಗೇ ತಂಗಿದರೆ ಬೆಳಗಿನ ಹೊಸ ಹಿಮ ನಿಮ್ಮದೇ. ಹೊರಡುವ ದಿನ ಮಾತ್ರ ನಿಮ್ಮ ಕೈಯಲ್ಲಿರುವುದಿಲ್ಲ. ಮೊದಲ ಸಲ ಹೋಗುವವರಿಗೆ, ಪುಟ್ಟ ಮಕ್ಕಳು ಅಥವಾ ವಯಸ್ಸಾದವರು ಜೊತೆಗಿದ್ದರೆ, ಎಲ್ ಪೋರ್ಟಲ್ ಒಳ್ಳೆಯದು.

## ಹಂತ 2: ನಿಮ್ಮ ಕಾರಿಗೆ ಯಾವ ನಿಯಮ ಎಂದು ತಿಳಿದುಕೊಳ್ಳಿ

ಚೈನ್ ನಿಯಮದಲ್ಲಿ ಮೂರು ಮಟ್ಟವಿದೆ. ಫಲಕದಲ್ಲಿ ಆರ್1, ಆರ್2, ಆರ್3 ಎಂದು ಬರುತ್ತದೆ.

ಆರ್1 ಇದ್ದಾಗ ಚೈನ್ ಹಾಕಲೇಬೇಕು. 6,000 ಪೌಂಡಿಗಿಂತ ಕಡಿಮೆ ತೂಕದ, ಎಂಜಿನ್ ತಿರುಗಿಸುವ ಚಕ್ರಗಳಿಗೆ ಸ್ನೋ ಟೈರ್ ಇರುವ ಕಾರುಗಳಿಗೆ ವಿನಾಯಿತಿ. ಆರ್2 ಇದ್ದಾಗ ವಿನಾಯಿತಿ ಸಿಗುವುದು ಆಲ್ ವೀಲ್ ಡ್ರೈವ್ ಅಥವಾ ಫೋರ್ ವೀಲ್ ಡ್ರೈವ್ ಗಾಡಿಗಳಿಗೆ, ಅದೂ ನಾಲ್ಕೂ ಚಕ್ರಕ್ಕೆ ಸ್ನೋ ಟೈರ್ ಇದ್ದರೆ ಮಾತ್ರ. ಆರ್3 ಬಂದರೆ ಯಾರಿಗೂ ವಿನಾಯಿತಿ ಇಲ್ಲ.

ಎಲ್ಲರೂ ತಪ್ಪು ತಿಳಿಯುವ ಮಾತು ಇಲ್ಲಿದೆ. ವಿನಾಯಿತಿ ಇರುವುದು ಚೈನ್ ಹಾಕುವುದಕ್ಕೆ, ಚೈನ್ ಒಯ್ಯುವುದಕ್ಕಲ್ಲ. ಆಲ್ ವೀಲ್ ಡ್ರೈವ್ ಕಾರು, ಹೊಚ್ಚ ಹೊಸ ಸ್ನೋ ಟೈರ್ ಎರಡೂ ಇದ್ದರೂ ಚೈನ್ ನಿಯಮ ಜಾರಿಯಲ್ಲಿರುವ ಪ್ರದೇಶಕ್ಕೆ ಹೋಗುವಾಗ ನಿಮ್ಮ ಟೈರಿಗೆ ಕೂರುವ ಚೈನ್ ಡಿಕ್ಕಿಯಲ್ಲಿರಬೇಕು. ಇಲ್ಲದಿದ್ದರೆ ವಾಪಸ್ ಕಳಿಸಬಹುದು. ಪಾರ್ಕಿನೊಳಗೆ ದಂಡ 5,000 ಡಾಲರ್‌ವರೆಗೂ ಹೋಗಬಹುದು.

ಟೈರ್ ಯಾವುದು ಎಂದು ಅದರ ಪಕ್ಕದ ಗೋಡೆಯೇ ಹೇಳುತ್ತದೆ. 'ಎಂ ಪ್ಲಸ್ ಎಸ್' ಎಂದಿದ್ದರೆ ನಿಯಮದ ಮಟ್ಟಿಗೆ ಅದು ಸ್ನೋ ಟೈರ್. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರವಿದ್ದರೆ ಅದು ನಿಜವಾದ ಹಿಮಕ್ಕೇ ಪರೀಕ್ಷಿಸಿದ ಟೈರ್. ಎರಡರಲ್ಲಿ ಯಾವುದೇ ಆದರೂ ಗೀರು ಸವೆದು ನುಣ್ಣಗಾಗಿದ್ದರೆ ಅದನ್ನು ನಂಬಿ ಹೋಗಬೇಡಿ.

ಬಾಡಿಗೆ ಕಾರಿನವರಿಗೆ ಬೇರೆಯೇ ತಲೆನೋವು. ಹೆಚ್ಚಿನ ಬಾಡಿಗೆ ಕರಾರುಗಳು ಚೈನ್ ಹಾಕುವುದನ್ನು ನಿಷೇಧಿಸುತ್ತವೆ, ಹಾಕಿ ಏನಾದರೂ ಹಾನಿಯಾದರೆ ಹೊಣೆ ನಿಮ್ಮದೇ. ಬುಕ್ ಮಾಡುವ ಮೊದಲೇ ಕೇಳಿ, ಉತ್ತರ ಬರಹದಲ್ಲಿರಲಿ. ಅವರು ಬೇಡ ಅಂದರೆ ಸುಲಭದ ದಾರಿ ಒಂದಿದೆ. 140ರಲ್ಲಿ ಯಾರ್ಟ್ಸ್ ಬಸ್ಸು ಮರ್ಸೆಡ್‌ನಿಂದ ಕಣಿವೆಗೆ ವರ್ಷವಿಡೀ ಓಡುತ್ತದೆ. ಮಾರಿಪೋಸಾದಲ್ಲಿ ಕಾರು ನಿಲ್ಲಿಸಿ ಬಸ್ಸು ಹತ್ತಿ. ಹಿಮ ಬೀಳುವ ದಿನ ಎಷ್ಟೋ ಕಾರಿನವರಿಗಿಂತ ಬಸ್ಸಿನವರೇ ಆರಾಮವಾಗಿರುತ್ತಾರೆ.

## ಹಂತ 3: ಚೈನ್ ಕೊಳ್ಳಿ

ಕೊಳ್ಳುವ ಮೊದಲು ಎರಡು ಸಂಗತಿ ಬರೆದುಕೊಳ್ಳಿ. ಒಂದು, ಟೈರಿನ ಅಳತೆ. ಟೈರಿನ ಪಕ್ಕದಲ್ಲಿ 235/65ಆರ್17 ಥರದ ಸಂಖ್ಯೆ ಇರುತ್ತದೆ. ಅದನ್ನು ಕಾರಿನಿಂದಲೇ ಓದಿಕೊಳ್ಳಿ. ಜಾಲತಾಣದಲ್ಲಿ ಕಾರಿನ ಹೆಸರು ಹಾಕಿ ಹುಡುಕಿದರೆ ತಪ್ಪಬಹುದು, ಒಂದೇ ಕಾರು ಎರಡು ಮೂರು ಅಳತೆಯ ಟೈರಿನಲ್ಲಿ ಬರುತ್ತದೆ. ಇನ್ನೊಂದು, ಕಾರಿನ ಮ್ಯಾನ್ಯುಯಲ್‌ನಲ್ಲಿ ಚೈನ್ ಬಗ್ಗೆ ಬರೆದಿರುವ ಪುಟ. ಚೈನ್ ಮುಂದಿನ ಚಕ್ರಕ್ಕೋ ಹಿಂದಿನದಕ್ಕೋ, ಎಷ್ಟು ದಪ್ಪದವರೆಗೆ ಹಾಕಬಹುದು, ಈ ಅಳತೆಯ ಟೈರಿಗೆ ಹಾಕಬಹುದೇ ಇಲ್ಲವೇ, ಎಲ್ಲ ಅಲ್ಲಿರುತ್ತದೆ. ಫ್ರಂಟ್ ವೀಲ್ ಡ್ರೈವ್ ಆದರೆ ಮುಂದೆ, ರಿಯರ್ ವೀಲ್ ಡ್ರೈವ್ ಆದರೆ ಹಿಂದೆ. ಆಲ್ ವೀಲ್ ಡ್ರೈವ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಊಹೆಗೆ ಹೋಗಬೇಡಿ, ಮ್ಯಾನ್ಯುಯಲ್ ಹೇಳಿದ್ದೇ ಸರಿ.

ಈಗಿನ ಕಾರುಗಳಲ್ಲಿ ಟೈರಿಗೂ ಒಳಗಿನ ಸಸ್ಪೆನ್ಷನ್ನಿಗೂ ನಡುವೆ ಜಾಗ ಕಡಿಮೆ. ಹಾಗಾಗಿ ಬಹುತೇಕ ಕುಟುಂಬದ ಕಾರುಗಳಿಗೆ ಕೇಬಲ್ ಚೈನ್ ಹೊಂದುತ್ತದೆ, ಪೆಟ್ಟಿಗೆಯ ಮೇಲೆ 'ಕ್ಲಾಸ್ ಎಸ್' ಎಂದಿರುವುದನ್ನು ನೋಡಿ. ಕಬ್ಬಿಣದ ಕೊಂಡಿಯ ಚೈನ್ ಹಿಡಿತದಲ್ಲಿ ಮೇಲು, ಆದರೆ ಭಾರ, ದಪ್ಪ. ಜಾಗ ಇರುವ ಟ್ರಕ್ಕುಗಳಿಗೆ ಸರಿ. ರಬ್ಬರಿನ ಬಿಗಿಪಟ್ಟಿ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಅದನ್ನೂ ಕೊಳ್ಳಿ.

ಬೆಟ್ಟದ ಬುಡದ ಊರುಗಳಲ್ಲೂ ಚೈನ್ ಸಿಗುತ್ತದೆ, ನಿಜ. ಆದರೆ ಹಿಮ ಬೀಳುವ ವಾರಾಂತ್ಯದಲ್ಲಿ ಅಲ್ಲಿ ನಿಮ್ಮ ಅಳತೆಯೇ ಖಾಲಿಯಾಗಿರಬಹುದು. ಮನೆಯ ಹತ್ತಿರವೇ ಕೊಳ್ಳಿ. ಬಳಸದ ಚೈನ್ ವಾಪಸ್ ತೆಗೆದುಕೊಳ್ಳುವ ಅಂಗಡಿಗಳೂ ಇವೆ, ಕೇಳಿ ನೋಡಿ.

## ಹಂತ 4: ಮನೆಯ ಮುಂದೆ ಹಾಕಿ, ಬಿಚ್ಚಿ, ಮತ್ತೆ ಹಾಕಿ

ಈ ಹಂತ ಬಿಟ್ಟವರೇ ಬೆಟ್ಟದಲ್ಲಿ ಸಿಕ್ಕಿಹಾಕಿಕೊಳ್ಳುವುದು. ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸುತ್ತೇನೆ ಅನ್ನುವವರು ಇದನ್ನು ಪಾಲಿಸಲಿ. ಒಣ ನೆಲದಲ್ಲಿ, ಹಗಲು ಬೆಳಕಿನಲ್ಲಿ ಕನಿಷ್ಠ ಎರಡು ಸಲ ಹಾಕಿ ಬಿಚ್ಚಿ. ಎರಡನೆಯ ಸಲ ಕೈಗವಸು ಹಾಕಿಕೊಂಡೇ ಮಾಡಿ, ಬೆಟ್ಟದಲ್ಲಿ ಬರಿಗೈ ನಡೆಯುವುದಿಲ್ಲ.

ಹಿಂಬದಿಯಲ್ಲಿ ಗಟ್ಟಿ ಬಳೆಯಂತೆ ಬಾಗುವ ಕೇಬಲ್ ಇರುವ ಚೈನ್ ಹಾಕುವ ಕ್ರಮ ಇದು:

1. ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಎಳೆಯಿರಿ. ಮುಂದಿನ ಚಕ್ರಕ್ಕೆ ಹಾಕುವುದಾದರೆ ಸ್ಟೀರಿಂಗ್ ಸ್ವಲ್ಪ ತಿರುಗಿಸಿಕೊಂಡರೆ ಒಳಬದಿಗೆ ಕೈ ಹೋಗುತ್ತದೆ.

2. ಚೈನನ್ನು ನೆಲದ ಮೇಲೆ ಉದ್ದಕ್ಕೆ ಹರವಿ, ತಿರುಚಿದ್ದನ್ನೆಲ್ಲ ಬಿಡಿಸಿ. ಒಂದು ಗಂಟು ಉಳಿದರೂ ಕೊನೆಯ ಕೊಕ್ಕೆ ತಲುಪುವುದಿಲ್ಲ. ನುಣುಪಾದ ಬದಿ ಟೈರಿನ ಕಡೆಗೆ, ಕೊಕ್ಕೆಗಳ ತೆರೆದ ಬಾಯಿ ಟೈರಿನಿಂದ ಹೊರಮುಖಕ್ಕೆ ಇರಬೇಕು. ಬಾಯಿ ಒಳಮುಖವಾದರೆ ಅದು ತಿರುಗುತ್ತ ತಿರುಗುತ್ತ ಟೈರಿನ ಗೋಡೆಯನ್ನೇ ಕೊರೆಯುತ್ತದೆ.

3. ಗಟ್ಟಿ ಕೇಬಲನ್ನು ಟೈರಿನ ಹಿಂಬದಿಗೆ ತೂರಿಸಿ, ಎರಡೂ ತುದಿಗಳನ್ನು ಟೈರಿನ ನೆತ್ತಿಗೆ ತಂದು ಅಲ್ಲಿ ಜೋಡಿಸಿ. ಒಳಗಿನ ಜೋಡಣೆ ಯಾವಾಗಲೂ ಮೊದಲು. ಈ ಕೊಕ್ಕೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಸಿಗುತ್ತದೆ: ಗುಂಡಿಯಂಥ ತುದಿ ಕೀಲಿರಂಧ್ರದಂಥ ತೂತಿಗೆ ಹೋಗಿ, ಪಕ್ಕಕ್ಕೆ ಜಾರಿ ಕೂತಾಗ ಸಣ್ಣಗೆ ತಡೆ ಸಿಗುತ್ತದೆ. ಎಳೆದು ನೋಡಿ, ಬಿಚ್ಚಿಕೊಳ್ಳಬಾರದು. ಮನೆಯಲ್ಲಿ ಅಭ್ಯಾಸ ಮಾಡಿ ಅನ್ನುವುದು ಈ ಒಂದು ಕೊಕ್ಕೆಗಾಗಿ.

4. ಈಗ ಚೈನಿನ ಬಲೆಯನ್ನು ಟೈರಿನ ಮೇಲಿಂದ ನಿಮ್ಮ ಕಡೆಗೆ ಎಳೆದು, ಎರಡೂ ಪಕ್ಕ ಸಮವಾಗಿ ಹರಡಿ, ಹೊರಗಿನ ಕೊಕ್ಕೆ ಹಾಕಿ. ಬಿಗಿ ಮಾಡುವ ಸರಪಳಿ ಇದ್ದರೆ ಎಳೆದು ಸಿಕ್ಕಿಸಿ.

5. ಇನ್ನೊಂದು ಚಕ್ರಕ್ಕೂ ಅಷ್ಟೇ ಮಾಡಿ. ಒಂದೇ ಬದಿಗೆ ಹಾಕಿ ಓಡಿಸುವಂತಿಲ್ಲ.

6. ಕಾರನ್ನು ನಿಧಾನ ಮುಂದಕ್ಕೆ ಉರುಳಿಸಿ. ನೆಲದಡಿ ಸಿಕ್ಕಿದ್ದ ಭಾಗ ಬಿಡಿಸಿಕೊಂಡು ಚೈನ್ ಸಡಿಲವಾಗುತ್ತದೆ. ಇಳಿದು ಮತ್ತೆ ಬಿಗಿ ಮಾಡಿ, ಉಳಿದ ಬಾಲವನ್ನು ಕಟ್ಟಿ, ರಬ್ಬರ್ ಪಟ್ಟಿ ಹಾಕಿ.

ಬೇರೆ ಮಾದರಿಯಲ್ಲಿ ಕೊಕ್ಕೆಯ ಜಾಗ ಬೇರೆಯಿರುತ್ತದೆ. ಪೆಟ್ಟಿಗೆಯ ಸೂಚನಾ ಹಾಳೆಯ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಕಾಗದ ಹಿಮದಲ್ಲಿ ನೆನೆದು ಮುದ್ದೆಯಾಗುತ್ತದೆ.

ಹೊರಗಿನ ಕೊಕ್ಕೆ ಎಷ್ಟು ಎಳೆದರೂ ಕೂಡದಿದ್ದರೆ ಅಳತೆ ಚಿಕ್ಕದು, ಅಥವಾ ಒಳಗೆ ಎಲ್ಲೋ ತಿರುಚಿದೆ. ಎಲ್ಲ ಬಿಗಿ ಮಾಡಿದ ಮೇಲೂ ಕೈ ತೂರುವಷ್ಟು ಜೋಲುತ್ತಿದ್ದರೆ ಅಳತೆ ದೊಡ್ಡದು. ಎರಡಕ್ಕೂ ಮನೆಯಲ್ಲಿ ಪರಿಹಾರ ಸುಲಭ, ಬದಲಾಯಿಸಿ ತಂದರಾಯಿತು.

## ಹಂತ 5: ಕಾರು, ಸಾಮಾನು, ಬಟ್ಟೆ

ಬ್ಯಾಟರಿ ಹಳೆಯದಾಗಿದ್ದರೆ ಪರೀಕ್ಷೆ ಮಾಡಿಸಿ, ಚಳಿ ಅದರ ಶಕ್ತಿ ಕುಗ್ಗಿಸುತ್ತದೆ. ಗಾಜು ತೊಳೆಯುವ ದ್ರವ ಬೇಸಿಗೆಯದ್ದಾಗಿದ್ದರೆ ಹಿಮದ ಚಳಿಗೆ ಹೆಪ್ಪುಗಟ್ಟುತ್ತದೆ. ಎದುರಿನ ಗಾಡಿ ಎರಚಿದ ಕೆಸರು ಹಿಮ ಗಾಜಿನ ಮೇಲೆ ಹರಡಿದಾಗ ಒಂದು ಹನಿಯೂ ಬರುವುದಿಲ್ಲ. ಘನೀಕರಿಸದ ದ್ರವ ತುಂಬಿ.

ಡಿಕ್ಕಿಯಲ್ಲಿ ಚೈನ್ ಎಲ್ಲಕ್ಕಿಂತ ಮೇಲಿರಬೇಕು. ಸೂಟ್‌ಕೇಸ್ ರಾಶಿಯ ಅಡಿಯಲ್ಲಿ ಹೂತಿಟ್ಟು, ಹಿಮದಲ್ಲಿ ಎಲ್ಲವನ್ನೂ ಹೊರತೆಗೆಯುವವರನ್ನು ಪ್ರತಿ ಸಲವೂ ಕಾಣುತ್ತೇನೆ. ಅದರ ಜೊತೆಗೇ ಒಂದು ಚೀಲದಲ್ಲಿ ನೀರು ಇಳಿಯದ ಕೈಗವಸು, ತಲೆಗೆ ಕಟ್ಟುವ ಟಾರ್ಚ್, ಮಂಡಿಯೂರಲು ಹಳೆಯ ರಬ್ಬರ್ ಮ್ಯಾಟ್, ಹೊಳೆಯುವ ಜಾಕೆಟ್, ಹಿಮ ಕೆರೆಯುವ ಸಲಕರಣೆ, ಚಿಕ್ಕ ಸಲಿಕೆ. ಪ್ರಯಾಣಿಕರ ಕೈಗೆ ಸಿಗುವಂತೆ ಹೊದಿಕೆ, ನೀರು, ಒಂದು ಹೊತ್ತಿಗೆ ಆಗುವ ತಿಂಡಿ, ಔಷಧಿ, ಕಾರಿನಲ್ಲೇ ಚಾರ್ಜ್ ಆಗುವ ತಂತಿ.

ಬಟ್ಟೆಯಲ್ಲಿ ಜನ ಜಾಕೆಟ್ಟಿಗೆ ದುಡ್ಡು ಸುರಿದು ಕಾಲನ್ನು ಮರೆಯುತ್ತಾರೆ. ಜೀನ್ಸ್ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಹತ್ತಿಯ ಸಾಕ್ಸ್ ಕೂಡ ಹಾಗೇ. ಉಣ್ಣೆಯ ಅಥವಾ ಸಿಂಥೆಟಿಕ್ ಸಾಕ್ಸ್, ನೀರು ಇಳಿಯದ ಬೂಟು, ಅದರ ಅಡಿಗೆ ಸಿಕ್ಕಿಸುವ ಮೊಳೆಪಟ್ಟಿ ತನ್ನಿ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುತ್ತಿದ್ದರೆ ಮೊಳೆಪಟ್ಟಿ ಬೇಕೇ ಬೇಕು. ಪಾರ್ಕಿಂಗ್ ಜಾಗದ ತುಳಿದು ಗಟ್ಟಿಯಾದ ಹಿಮ ಕಾಡಿನ ದಾರಿಗಿಂತ ಹೆಚ್ಚು ಜಾರುತ್ತದೆ.

ಇದೇ ಹೊತ್ತಿಗೆ ಟಿಕೆಟ್ ಲೆಕ್ಕವನ್ನೂ ಮುಗಿಸಿ. ಒಂದು ಕಾರಿಗೆ 35 ಡಾಲರ್, ಏಳು ದಿನ ನಡೆಯುತ್ತದೆ. 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ಮೇಲ್ಪಟ್ಟವರಿಗೆ ಯೊಸೆಮಿಟಿಯೂ ಸೇರಿ 11 ಪಾರ್ಕುಗಳಲ್ಲಿ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ. ವಿಸಿಟರ್ ವೀಸಾದಲ್ಲಿ ಬಂದವರು ಜೊತೆಗಿದ್ದರೆ ಪಾರ್ಕಿನ ಅಧಿಕೃತ ಜಾಲತಾಣದಲ್ಲಿ ಪಾಸ್‌ನ ನಿಯಮ ಓದಿಕೊಂಡು ಹೊರಡಿ. ಗೇಟಿನಲ್ಲಿ ಗುರುತಿನ ಚೀಟಿ ಮತ್ತು ಕಾರ್ಡ್ ಕೈಗೆ ಸಿಗುವಂತಿರಲಿ. ಫೆಬ್ರವರಿ ಎರಡನೆಯ ಭಾಗದಲ್ಲಿ ಹಾರ್ಸ್‌ಟೇಲ್ ಜಲಪಾತ ಸಂಜೆ ಬಿಸಿಲಿಗೆ ಕೆಂಡದಂತೆ ಹೊಳೆಯುವುದನ್ನು ನೋಡಲು ಜನ ಮುಗಿಬೀಳುತ್ತಾರೆ. ಕೆಲವು ವರ್ಷ ಆ ವಾರಾಂತ್ಯಗಳಿಗೆ ಮುಂಗಡ ಕಾಯ್ದಿರಿಸುವಿಕೆ ಕಡ್ಡಾಯವಾಗಿತ್ತು. ಆ ದಿನಗಳಿಗೆ ಹೋಗುವುದಾದರೆ ಅದನ್ನೂ ನೋಡಿ.

## ಹಂತ 6: ಹಿಂದಿನ ದಿನ ಹವಾಮಾನ ಓದಿ

'ಹಿಮ ಬೀಳುತ್ತದಾ' ಅನ್ನುವ ಪ್ರಶ್ನೆಯಿಂದ ಪ್ರಯೋಜನವಿಲ್ಲ. 'ಯಾವ ಎತ್ತರದಿಂದ ಮೇಲೆ ಬೀಳುತ್ತದೆ' ಎಂದು ಕೇಳಿ. ರಾಷ್ಟ್ರೀಯ ಹವಾಮಾನ ಸೇವೆಯ ಮುನ್ಸೂಚನೆಯಲ್ಲಿ ಸ್ನೋ ಲೆವೆಲ್ ಎಂದು ಅಡಿಯಲ್ಲಿ ಒಂದು ಸಂಖ್ಯೆ ಕೊಡುತ್ತಾರೆ. ಅದನ್ನು ರಸ್ತೆಯ ಎತ್ತರದ ಪಕ್ಕ ಇಟ್ಟು ನೋಡಿ. 5,000 ಅಡಿ ಎಂದಿದ್ದರೆ ಕಣಿವೆಯಲ್ಲಿ ಮಳೆ, 120 ಮತ್ತು 41ರ ಮೇಲ್ಭಾಗದಲ್ಲಿ ಹಿಮ. 140 ಬಹುಮಟ್ಟಿಗೆ ಒದ್ದೆ ರಸ್ತೆ ಅಷ್ಟೇ. 3,000 ಅಡಿ ಎಂದಿದ್ದರೆ ಕಣಿವೆಯಲ್ಲೇ ಹಿಮ, 140ರ ಕೊನೆಯ ಏರಿನಲ್ಲೂ ಚೈನ್ ಬರಬಹುದು. ಹಗಲಿನ ಸಂಖ್ಯೆ ಒಂದು, ರಾತ್ರಿಯದ್ದು ಇನ್ನೊಂದು ಇರುತ್ತದೆ. ವಾಪಸ್ ಬರುವ ಹೊತ್ತಿನದ್ದನ್ನೂ ನೋಡಿ.

ಪಾರ್ಕಿನೊಳಗಿನ ರಸ್ತೆಗಳ ಸ್ಥಿತಿ 209-372-0200ಕ್ಕೆ ಕರೆ ಮಾಡಿದರೆ ದಾಖಲಿತ ಧ್ವನಿಯಲ್ಲಿ ಸಿಗುತ್ತದೆ. ಪಾರ್ಕಿನ ಹೊರಗಿನ ಹೆದ್ದಾರಿಗಳಿಗೆ ರಾಜ್ಯದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್ ಆ್ಯಪ್ ಇದೆ. ಎರಡನ್ನೂ ನೋಡಬೇಕು. ಒಂದರಲ್ಲಿ ಹಸಿರು ಕಂಡು ಇನ್ನೊಂದನ್ನು ನೋಡದೆ ಹೊರಡುವುದು ಮಾಮೂಲಿ ತಪ್ಪು.

ದೊಡ್ಡ ಬಿರುಗಾಳಿಯ ಎಚ್ಚರಿಕೆ ಇದ್ದರೆ ಪ್ರವಾಸ ಮುಂದೂಡಿ. ಬುಕಿಂಗ್ ದುಡ್ಡು ಹೋಗುತ್ತದೆಂದು ನೋಡಬೇಡಿ. 2023ರ ಫೆಬ್ರವರಿ ಕೊನೆಯಲ್ಲಿ ಬಂದ ಹಿಮಪಾತಕ್ಕೆ ಪಾರ್ಕಿನ ಕೆಲವೆಡೆ 15 ಅಡಿವರೆಗೆ ಹಿಮ ಬಿದ್ದು, ಪಾರ್ಕ್ ಎರಡು ವಾರಕ್ಕೂ ಹೆಚ್ಚು ಕಾಲ ಮುಚ್ಚಿತ್ತು. ಅತ್ಯುತ್ತಮ ಸಮಯ ಹಿಮಪಾತ ನಿಂತ ಮರುದಿನ. ಅಷ್ಟರಲ್ಲಿ ರಸ್ತೆಯ ಹಿಮ ಬಳಿದು ತೆಗೆದಿರುತ್ತಾರೆ, ಮರಗಳ ಮೇಲೆ ಹಿಮ ಇನ್ನೂ ಕೂತಿರುತ್ತದೆ.

## ಹಂತ 7: ಬೇಗ ಹೊರಡಿ, ಪೆಟ್ರೋಲ್ ತುಂಬಿಸಿ

ಸ್ಯಾನ್ ಫ್ರಾನ್ಸಿಸ್ಕೋದಿಂದ ಒಣ ರಸ್ತೆಯಲ್ಲೇ ನಾಲ್ಕೈದು ಗಂಟೆ ಬೇಕು. ಡಿಸೆಂಬರ್ ಕೊನೆಯಲ್ಲಿ ಸಂಜೆ ಐದರೊಳಗೆ ಸೂರ್ಯ ಮುಳುಗುತ್ತಾನೆ, ಕಣಿವೆಯ ಗೋಡೆಗಳ ನೆರಳು ಅದಕ್ಕೂ ಬಹಳ ಮುಂಚೆ ಬೀಳುತ್ತದೆ. ಹಗಲು ಕರಗಿದ ನೀರು ಆಗಲೇ ಮತ್ತೆ ಗಟ್ಟಿಯಾಗತೊಡಗುತ್ತದೆ. ಬೆಳಗ್ಗೆ ಆರಕ್ಕೆ ಬಿಟ್ಟರೆ ಕಷ್ಟದ ಭಾಗವೆಲ್ಲ ಹಗಲಲ್ಲೇ ಮುಗಿಯುತ್ತದೆ. ಶುಕ್ರವಾರ ಕೆಲಸ ಮುಗಿಸಿ ಹೊರಟು ರಾತ್ರಿ ಹನ್ನೊಂದಕ್ಕೆ ಬೆಟ್ಟ ಹತ್ತುವ ಯೋಜನೆ ಬೇಡ. ಮರ್ಸೆಡ್‌ನಲ್ಲೋ ಮಾರಿಪೋಸಾದಲ್ಲೋ ಮಲಗಿ, ಬೆಳಗ್ಗೆ ಹತ್ತಿ.

ಯೊಸೆಮಿಟಿ ಕಣಿವೆಯೊಳಗೆ ಪೆಟ್ರೋಲ್ ಬಂಕ್ ಇಲ್ಲ. ಮಾರಿಪೋಸಾ, ಓಕ್‌ಹರ್ಸ್ಟ್ ಅಥವಾ ಗ್ರೋವ್‌ಲ್ಯಾಂಡ್‌ನಲ್ಲಿ ಟ್ಯಾಂಕ್ ತುಂಬಿಸಿ. ಎಲೆಕ್ಟ್ರಿಕ್ ಕಾರಿನವರು ಚಳಿಗೆ, ಏರಿಗೆ, ಹೀಟರಿಗೆ ಸೇರಿ ಧಾರಾಳವಾಗಿ ಚಾರ್ಜ್ ಉಳಿಸಿಕೊಂಡು ಹೊರಡಿ. ನಕಾಶೆ, ಬುಕಿಂಗ್ ಕಾಗದ ಎಲ್ಲವನ್ನೂ ಇಲ್ಲೇ ಮೊಬೈಲಿಗೆ ಇಳಿಸಿಕೊಳ್ಳಿ. ಮುಂದೆ ಸಿಗ್ನಲ್ ಬಂದರೂ ಬಂತು, ಹೋದರೂ ಹೋಯಿತು.

## ಹಂತ 8: ಫಲಕ ಕಂಡ ಮೇಲೆ

ಚೈನ್ ಫಲಕ ಕಂಡ ಕೂಡಲೇ, ಇನ್ನೂ ರಸ್ತೆ ಒದ್ದೆಯಾಗಿ ಕಪ್ಪಗಿರುವಾಗಲೇ, ಅಗಲವಾದ ಪಕ್ಕದ ಜಾಗಕ್ಕೆ ಇಳಿಯಿರಿ. 'ಇನ್ನೂ ಹಿಮವೇ ಇಲ್ಲವಲ್ಲ, ಸ್ವಲ್ಪ ಮುಂದೆ ಹೋಗಿ ಹಾಕೋಣ' ಅನ್ನುವವರು ಕೊನೆಗೆ ಏರಿನ ತಿರುವಿನಲ್ಲಿ ಚಕ್ರ ಗಿರಗಿರ ತಿರುಗಿಸುತ್ತ ನಿಲ್ಲುತ್ತಾರೆ. ಅಲ್ಲಿ ಚೈನ್ ಹಾಕಲು ಜಾಗವೂ ಇಲ್ಲ, ಹಿಂದಿನಿಂದ ಬರುವವರಿಗೆ ನಿಲ್ಲಿಸಲು ಹಿಡಿತವೂ ಇಲ್ಲ. ಓಡಾಟದ ಪಥದಲ್ಲಿ ನಿಂತು ಚೈನ್ ಹಾಕಲೇಬೇಡಿ. ತಿರುವಿನಾಚೆಯೂ ನಿಲ್ಲಬೇಡಿ. ಮಕ್ಕಳು ಕಾರಿನೊಳಗೇ ಇರಲಿ.

ಹಾಕಿದ ಮೇಲೆ ನೂರಿನ್ನೂರು ಅಡಿ ಹೋಗಿ ನಿಲ್ಲಿಸಿ ಮತ್ತೆ ಬಿಗಿ ಮಾಡಿ. ವೇಗ ಗಂಟೆಗೆ 25 ಮೈಲಿ ಮೀರಬಾರದು. ಚೈನಿನ ಸಮ ಗರಗರ ಶಬ್ದಕ್ಕೆ ಕಿವಿ ಒಗ್ಗಿಸಿಕೊಳ್ಳಿ. ಅದರ ನಡುವೆ ಚಕ್ರ ತಿರುಗಿದಂತೆಲ್ಲ ಟಪ್ ಟಪ್ ಎಂದು ಹೊಡೆಯುವ ಸದ್ದು ಬಂದರೆ ತುದಿ ಬಿಚ್ಚಿಕೊಂಡು ಕಾರಿನ ಒಳಮೈಗೆ ಬಡಿಯುತ್ತಿದೆ ಎಂದರ್ಥ. ತಕ್ಷಣ ನಿಲ್ಲಿಸಿ. ಬ್ರೇಕ್ ಕೊಳವೆ, ಚಕ್ರದ ಸೆನ್ಸರಿನ ತಂತಿ ಎಲ್ಲ ಅಲ್ಲೇ ಇರುವುದು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ದೀಪ ಹತ್ತಿಕೊಂಡರೂ ಇಳಿದು ನೋಡಿ. ಚೈನ್ ಅಗತ್ಯ ಮುಗಿದ ಫಲಕ ದಾಟಿದ ಮೇಲೆ ಮೊದಲ ಸುರಕ್ಷಿತ ಜಾಗದಲ್ಲಿ ಬಿಚ್ಚಿ. ಒಣ ಡಾಂಬರಿನ ಮೇಲೆ ಓಡಿಸಿದರೆ ಕೇಬಲ್ ಬೇಗ ಸವೆದು ತುಂಡಾಗುತ್ತದೆ.

## ಹಂತ 9: ಹಿಮದ ಮೇಲೆ ಓಡಿಸುವ ರೀತಿ

ಸ್ಟೀರಿಂಗ್, ಬ್ರೇಕ್, ಆಕ್ಸಲರೇಟರ್ ಮೂರನ್ನೂ ಮೆಲ್ಲಗೆ, ಒಂದಾದ ಮೇಲೊಂದು ಬಳಸಿ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಒತ್ತಬೇಡಿ. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಹಾಕಿ, ಎಂಜಿನ್ನೇ ತಡೆಯಲಿ. ಕ್ರೂಸ್ ಕಂಟ್ರೋಲ್ ಪೂರ್ತಿ ಬಂದ್. ಆಲ್ ವೀಲ್ ಡ್ರೈವ್ ನಿಮ್ಮನ್ನು ಹೊರಡಿಸುತ್ತದೆ, ಏರು ಹತ್ತಿಸುತ್ತದೆ. ನಿಲ್ಲಿಸುವಾಗ ಅದರಿಂದ ಏನೂ ಲಾಭವಿಲ್ಲ. ನಿಲ್ಲುವುದೆಲ್ಲ ಟೈರಿನ ಮೇಲೆ.

ಬ್ರೇಕ್ ಒತ್ತಿದಾಗ ಪೆಡಲ್ ಕಾಲಡಿ ಗಡಗಡ ನಡುಗಿದರೆ ಹೆದರಿ ಕಾಲು ತೆಗೆಯಬೇಡಿ, ಅದು ಎಬಿಎಸ್ ಕೆಲಸ ಮಾಡುತ್ತಿರುವ ಗುರುತು. ಕಾರು ಜಾರಿದರೆ ಆಕ್ಸಲರೇಟರಿನಿಂದ ಕಾಲು ತೆಗೆದು, ನೀವು ಹೋಗಬೇಕಾದ ಕಡೆಗೆ ನೋಡುತ್ತ ಆ ಕಡೆಗೇ ಸ್ಟೀರಿಂಗ್ ತಿರುಗಿಸಿ. ಕಣ್ಣು ಮರದ ಮೇಲಿದ್ದರೆ ಕಾರೂ ಮರದ ಕಡೆಗೇ ಹೋಗುತ್ತದೆ.

ಹಿಮಕ್ಕಿಂತ ಭಯಪಡಬೇಕಾದ್ದು ಕಪ್ಪು ಮಂಜುಗಡ್ಡೆಗೆ. ನೋಡಲು ಬರೀ ಒದ್ದೆ ರಸ್ತೆ. ಸೇತುವೆಗಳ ಮೇಲೆ, ಮರಗಳ ನೆರಳಿನಲ್ಲಿ, ಬಿಸಿಲು ಹೆಚ್ಚು ಬೀಳದ ಕಣಿವೆಯ ದಕ್ಷಿಣ ಬದಿಯಲ್ಲಿ ಇದು ಇರುತ್ತದೆ. ಒದ್ದೆಯಂತೆ ಹೊಳೆಯುವ ರಸ್ತೆಯಲ್ಲಿ ಮುಂದಿನ ಗಾಡಿಯ ಚಕ್ರದಿಂದ ನೀರು ಚಿಮ್ಮುತ್ತಿಲ್ಲ ಎಂದರೆ ಅದು ಮಂಜುಗಡ್ಡೆ ಎಂದೇ ತಿಳಿದು ವೇಗ ಇಳಿಸಿ.

ಹಿಮ ಬಳಿಯುವ ಯಂತ್ರವನ್ನು ಹಿಂದಿಕ್ಕಬೇಡಿ. ನಿಮ್ಮ ಹಿಂದೆ ಐದು ಗಾಡಿ ಸಾಲುಗಟ್ಟಿದರೆ ಪಕ್ಕದ ಜಾಗಕ್ಕೆ ಇಳಿದು ಬಿಟ್ಟುಕೊಡಬೇಕೆಂದು ಕ್ಯಾಲಿಫೋರ್ನಿಯಾದ ಕಾನೂನೇ ಹೇಳುತ್ತದೆ. ಹಿಂದಿನವರ ಅವಸರಕ್ಕೆ ನೀವು ವೇಗ ಹೆಚ್ಚಿಸಬೇಡಿ.

ಎಲ್ಲೋ ಸಿಕ್ಕಿಹಾಕಿಕೊಂಡು ಕಾಯಬೇಕಾಗಿ ಬಂದರೆ ಕಾರಿನಲ್ಲೇ ಇರಿ. ಎಂಜಿನ್ ಚಾಲೂ ಮಾಡುವ ಮೊದಲು ಹೊಗೆಕೊಳವೆಯ ಸುತ್ತಲಿನ ಹಿಮ ತೆಗೆಯಿರಿ, ಪ್ರತಿ ಸಲವೂ. ಅದು ಮುಚ್ಚಿಹೋದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ. ವಾಸನೆಯಿಲ್ಲದ ವಿಷ ಅದು, ಜೀವ ತೆಗೆಯುತ್ತದೆ. ಗಂಟೆಗೆ ಹತ್ತು ನಿಮಿಷ ಚಾಲೂ ಮಾಡಿ, ಕಿಟಕಿ ಒಂದಿಷ್ಟು ತೆರೆದಿಡಿ.

## ಹಂತ 10: ಕಣಿವೆಯೊಳಗೆ

ಕಾರನ್ನು ಒಂದು ಕಡೆ ನಿಲ್ಲಿಸಿ ಶಟಲ್ ಬಸ್ಸಿನಲ್ಲಿ ಓಡಾಡಿ, ಅದು ವರ್ಷವಿಡೀ ಇರುತ್ತದೆ. ರಸ್ತೆಯ ಮಧ್ಯೆ ನಿಲ್ಲಿಸಿ ಫೋಟೊ ತೆಗೆಯುವುದು ಇಲ್ಲಿನ ದೊಡ್ಡ ಅಪಾಯಗಳಲ್ಲಿ ಒಂದು. ಟನಲ್ ವ್ಯೂನಲ್ಲಿ ಸುರಂಗದಿಂದ ಹೊರಬಂದ ಕೂಡಲೇ ಎದುರು ಇಡೀ ಕಣಿವೆ ತೆರೆದುಕೊಳ್ಳುತ್ತದೆ. ಮುಂದಿನವರು ಥಟ್ಟನೆ ಬ್ರೇಕ್ ಹಾಕುತ್ತಾರೆ ಎಂದೇ ಎಣಿಸಿ ಅಂತರ ಇಟ್ಟುಕೊಳ್ಳಿ.

ಲೋವರ್ ಯೊಸೆಮಿಟಿ ಜಲಪಾತದ ಒಂದು ಮೈಲಿ ಸುತ್ತು, ಕುಕ್ಸ್ ಹುಲ್ಲುಗಾವಲು ಎರಡೂ ಎಲ್ಲ ವಯಸ್ಸಿನವರಿಗೆ ಆಗುತ್ತವೆ. ಮಿಸ್ಟ್ ಟ್ರೇಲ್‌ನ ಮೇಲಿನ ಭಾಗ ಮತ್ತು ಫೋರ್ ಮೈಲ್ ಟ್ರೇಲ್ ಚಳಿಗಾಲದಲ್ಲಿ ಮಂಜುಗಡ್ಡೆ, ಬೀಳುವ ಕಲ್ಲಿನ ಕಾರಣಕ್ಕೆ ಮುಚ್ಚಿರುತ್ತವೆ. ಗೇಟು ದಾಟಿ ಹೋದ ಹೆಜ್ಜೆಗುರುತು ಕಂಡರೂ ನೀವು ದಾಟಬೇಡಿ. ನದಿಯ ಮೇಲೆ ಕಟ್ಟಿದ ಹಿಮದ ಪದರ ನಡೆಯಲಿಕ್ಕಲ್ಲ, ಅಡಿಯಲ್ಲಿ ನೀರು ಹರಿಯುತ್ತಲೇ ಇರುತ್ತದೆ. ಮಾರ್ಚ್ ಏಪ್ರಿಲ್ ಹೊತ್ತಿಗೆ ಯೊಸೆಮಿಟಿ ಹೊಳೆಯಲ್ಲಿ ಫ್ರಾಜಿಲ್ ಎಂಬ ಹಿಮದ ಕೆಸರು ಉಕ್ಕಿ ಹರಿಯುತ್ತದೆ. ಹರಳುಗಳು ತುಂಬಿದ ಆ ಬಿಳಿ ರಾಶಿ ನಿಂತಂತೆ ಕಂಡು ಥಟ್ಟನೆ ಹೊರಳಿ ಬೇರೆ ದಾರಿ ಹಿಡಿಯಬಹುದು. ಸೇತುವೆಯ ಮೇಲಿಂದಲೇ ನೋಡಿ.

ಬ್ಯಾಜರ್ ಪಾಸ್‌ಗೆ ಮಕ್ಕಳನ್ನು ಹಿಮದಾಟಕ್ಕೆ ಕರೆದೊಯ್ಯುವವರು ನೆನಪಿಡಿ, ಅದು ಸುಮಾರು 7,200 ಅಡಿ ಎತ್ತರ. ಕಣಿವೆ ಒಣಗಿದ್ದರೂ ಅಲ್ಲಿಗೆ ಚೈನ್ ಬೇಕಾಗಬಹುದು. ಗ್ಲೇಸಿಯರ್ ಪಾಯಿಂಟ್ ರಸ್ತೆಯ ಹಿಮವನ್ನು ಅಲ್ಲಿಯವರೆಗೆ ಮಾತ್ರ ಬಳಿಯುತ್ತಾರೆ, ಮುಂದೆ ಕಾರು ಹೋಗುವುದಿಲ್ಲ. ಮಧ್ಯಾಹ್ನ ಮೂರರೊಳಗೆ ಅಲ್ಲಿಂದ ಇಳಿಯಲು ಶುರು ಮಾಡಿ. ಮಾರಿಪೋಸಾ ಗ್ರೋವ್‌ನ ಸಿಕ್ವೊಯಾ ಮರಗಳನ್ನು ನೋಡಲು ಚಳಿಗಾಲದಲ್ಲಿ ಶಟಲ್ ಇಲ್ಲ, ಒಂದು ಕಡೆಗೆ ಎರಡು ಮೈಲಿ ಹಿಮದಲ್ಲಿ ನಡೆಯಬೇಕು.

ಕತ್ತಲಾದ ಮೇಲೆ ಕಾರಿನಲ್ಲಿ ತಿಂಡಿ, ಟೂತ್‌ಪೇಸ್ಟ್, ಲೋಷನ್, ಪರಿಮಳ ಬರುವ ಏನನ್ನೂ ಬಿಡಬೇಡಿ. ಕರಡಿಗಳು ಚಳಿಗಾಲದಲ್ಲೂ ಎಚ್ಚರವಿರಬಹುದು. ಬುತ್ತಿಯ ಡಬ್ಬಿ ರೂಮಿಗೆ ಅಥವಾ ಕರಡಿ ತೆರೆಯಲಾಗದ ಲೋಹದ ಪೆಟ್ಟಿಗೆಗೆ ಹೋಗಲಿ.

## ಹಂತ 11: ವಾಪಸ್ ಹೊರಡುವುದು

ಹೊರಡುವ ಬೆಳಗ್ಗೆ ಕಾರಿನ ಛಾವಣಿಯ ಹಿಮವನ್ನೂ ತೆಗೆಯಿರಿ. ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಅದು ರಾಶಿಯಾಗಿ ಮುಂದಿನ ಗಾಜಿನ ಮೇಲೆ ಜಾರಿ ಏನೂ ಕಾಣದಂತೆ ಮಾಡುತ್ತದೆ. ಗಾಜಿಗೆ ಬಿಸಿನೀರು ಹಾಕಬೇಡಿ, ಸೀಳುತ್ತದೆ. ಪಾರ್ಕಿನ ದೂರವಾಣಿಗೆ ಮತ್ತೆ ಕರೆ ಮಾಡಿ. ನಿನ್ನೆ ಬಂದ ದಾರಿ ಇವತ್ತು ಮುಚ್ಚಿರಬಹುದು.

140 ಮುಚ್ಚಿ, 41 ಮತ್ತು 120 ತೆರೆದಿವೆ ಎಂದರೆ ಮತ್ತೊಮ್ಮೆ ಎತ್ತರದ ಲೆಕ್ಕ ಹಾಕಿ. ಇಳಿಯಲು ನೀವು ಮೊದಲು ಎರಡು ಸಾವಿರ ಅಡಿ ಹತ್ತಬೇಕು. ಹಿಮ ಬೀಳುತ್ತಿದ್ದರೆ, ಕತ್ತಲಾಗಲು ಎರಡು ಗಂಟೆಗಿಂತ ಕಡಿಮೆ ಇದ್ದರೆ, ಹೊರಡಬೇಡಿ. ತಂಗಿರುವ ಕಡೆಯ ಕೌಂಟರಿನಲ್ಲಿ ಇನ್ನೊಂದು ರಾತ್ರಿಗೆ ಕೇಳಿ. ರಸ್ತೆ ಮುಚ್ಚಿದ ದಿನ ಬರಬೇಕಾದವರೂ ಬಂದಿರುವುದಿಲ್ಲವಾದ್ದರಿಂದ ರೂಮ್ ಸಿಗುವ ಸಂಭವ ಹೆಚ್ಚು. ಸೋಮವಾರ ಬೆಳಗ್ಗೆ ತಪ್ಪಿಸಲಾಗದ ಮೀಟಿಂಗ್ ಅಥವಾ ವಿಮಾನ ಇಟ್ಟುಕೊಂಡು ಭಾನುವಾರ ಸಂಜೆ ಬೆಟ್ಟ ಇಳಿಯುವ ಯೋಜನೆ ಹಾಕಬೇಡಿ. ಒಂದು ದಿನ ಖಾಲಿ ಬಿಟ್ಟುಕೊಂಡೇ ಬುಕ್ ಮಾಡಿ.

ಮನೆ ಸೇರಿದ ಮೇಲೆ ಚೈನನ್ನು ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಪೆಟ್ಟಿಗೆಗೆ ಹಾಕಿ. ಎಳೆ ಬಿಚ್ಚಿಕೊಂಡ ಕೇಬಲ್, ಬಾಗಿದ ಕೊಕ್ಕೆ, ಸವೆದು ತೆಳುವಾದ ಉರುಳೆ ಕಂಡರೆ ಅದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಬೇಡಿ, ಹೊಸದು ಕೊಳ್ಳಿ. ನಡುವೆ ಟೈರ್ ಬದಲಾಯಿಸಿದರೆ ಅಳತೆ ಅದೇ ಇದೆಯೇ ಎಂದು ನೋಡಿ ಪೆಟ್ಟಿಗೆಯ ಮೇಲೆ ದಪ್ಪ ಪೆನ್ನಿನಲ್ಲಿ ಬರೆದಿಡಿ.